ನಿಕಾನೋರಾ ನೋಡಿದ ವಿಮಾನಗಳು

ಯುದ್ಧ ಬರುವುದಕ್ಕೆ ಮುಂಚೆ ನಮ್ಮ ಪುಯೆರ್ತೊ ಇರುಪೆಯ ಜನ ಹೆದರುತ್ತಿದ್ದದ್ದು ಎರಡಕ್ಕೆ: ನದಿಯ ಪ್ರವಾಹಕ್ಕೆ ಮತ್ತು ಚಿಪಾ ಎಂಬ ಚೀಸಿನ ರೊಟ್ಟಿ ಮಾರುವ ಞಾ ನಿಕಾನೋರಾ ರೊಲೋನಳ ಬಾಯಿಗೆ. ಪ್ರವಾಹಕ್ಕಾದರೂ ಒಂದು ಕಾಲವಿತ್ತು.

ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಚಿಪಾದ ಬುಟ್ಟಿ ತಲೆಯ ಮೇಲೆ ಹೊತ್ತು ಹಡಗುಕಟ್ಟೆಗೆ ಬಂದರೆ, ಮುಚ್ಚಿದ ಬಟ್ಟೆ ಸರಿಸುವ ಮೊದಲೇ ಇವತ್ತು ಚೀಸ್ ಸ್ವಲ್ಪ ಹುಳಿ ಬಂದಿದೆ, ಬೇಕಿದ್ದರೆ ತಗೊಳ್ಳಿ ಎನ್ನುತ್ತಿದ್ದಳು. ನ್ಯಾಯಾಧೀಶರ ಮಗಳ ಮದುವೆಯಲ್ಲಿ ಯಾರೋ ಮಾತಿಗೆಂದು ಗಂಡು ಹೇಗಿದ್ದಾನೆ ಎಂದು ಕೇಳಿದರು. ಹೋದ ವಾರ ಗರಗಸದ ಮಿಲ್ಲಿನ ಹಿಂದಿನ ಮನೆಯಿಂದ ಬೆಳಗಿನ ಹೊತ್ತು ಹೊರಗೆ ಬರುವಾಗ ಇದಕ್ಕಿಂತ ಚೆನ್ನಾಗಿದ್ದ ಎಂದಳು. ಗಂಡ ಪೊಲಿಕಾರ್ಪೊ ಮರ ಕಡಿಯಲು ಮೇಲಿನ ಕಾಡಿಗೆ ಹೋದವನು ತಿರುಗಿ ಬರಲಿಲ್ಲ. ಸೊಳ್ಳೆ, ಹಸಿವು, ಮೇಸ್ತ್ರಿ, ಮೂರನ್ನೂ ಇಲ್ಲಿ ತಡೆದುಕೊಂಡಿದ್ದೇನೆ, ಮನೆಗೆ ಬಂದು ನಿಜ ಕೇಳುವ ಶಕ್ತಿ ಮಾತ್ರ ಇಲ್ಲ ಎಂದು ಹೇಳಿ ಕಳಿಸಿದನಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ನಿಕಾನೋರಾಳ ಎದೆ ಗಟ್ಟಿಯಿತ್ತು.

ನದಿಯಾಚೆಯ ಚಾಕೊ ಬಯಲಿಗಾಗಿ ಬೊಲಿವಿಯಾದೊಡನೆ ನಮ್ಮ ಯುದ್ಧ ಶುರುವಾಗಿ ಕೆಲವು ತಿಂಗಳಾದ ಮೇಲೆ, ಮೂವತ್ತಮೂರನೆಯ ಇಸವಿಯಲ್ಲಿ, ಕ್ಯಾಪ್ಟನ್ ಎವರಿಸ್ತೊ ಫ್ರೇತೆಸ್ ಸ್ಟೀಮರಿನಲ್ಲಿ ಬಂದಿಳಿದರು. ಜೊತೆಗೆ ಒಂದು ಫಿರಂಗಿ, ಒಂದು ಹಿಡಿ ಸಿಪಾಯಿಗಳು, ಬೂಟುಗಳೇ ತುಂಬಿದ ಒಂದು ಪೆಟ್ಟಿಗೆ. ಬೊಲಿವಿಯಾದ ವಿಮಾನಗಳು ನದಿಯ ಗುಂಟ ಬಂದು ನಮ್ಮ ಸ್ಟೀಮರುಗಳ ಮೇಲೆ ಬಾಂಬು ಹಾಕುತ್ತಿದ್ದ ಕಾಲ ಅದು. ಕ್ಯಾಪ್ಟನ್ನರು ಊರಿನ ಕಾರ್ಖಾನೆಯ ಚಿಮಣಿ ಪಕ್ಕದ ದಿಬ್ಬದ ಮೇಲೆ ಫಿರಂಗಿ ನಿಲ್ಲಿಸಿ, ಇನ್ನು ಮೇಲೆ ಈ ಆಕಾಶ ನಮ್ಮದು ಎಂದು ಭಾಷಣ ಮಾಡಿದರು. ಅಲ್ಲಿಯವರೆಗೆ ಅದು ಯಾರದು ಎಂದು ನಾವು ಯೋಚಿಸಿರಲಿಲ್ಲ.

ಮೊದಲ ವಿಮಾನ ಬಂದು ಎರಡು ಬಾಂಬು ಹಾಕಿತು. ಒಂದು ನದಿಗೆ ಬಿತ್ತು; ಊರಿಗೆ ಊರೇ ಹೊಟ್ಟೆ ಬಿರಿಯ ಮೀನು ತಿಂದಿತು. ಇನ್ನೊಂದು ಕಾರ್ಖಾನೆಯ ಕಕ್ಕಸಿನ ಮೇಲೆ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ನಮ್ಮ ಫಿರಂಗಿಯೂ ಬಿಡಲಿಲ್ಲ, ಸಾಕಷ್ಟು ಗುಂಡು ಹಾರಿಸಿತು. ಮೇಲೆ ಹೋದದ್ದು ಕೆಳಗೆ ಬರಲೇಬೇಕು ಎನ್ನುವುದು ಕ್ಯಾಪ್ಟನ್ನರಿಗೆ ತಿಳಿಯದ ವಿಷಯವಾಗಿರಬೇಕು. ಚೂರುಗಳು ಬಂದು ನ್ಯಾಯಾಧೀಶರ ಮನೆಯ ಹೆಂಚು ಒಡೆದವು, ಒಂದು ಟರ್ಕಿ ಕೋಳಿ ಸತ್ತಿತು. ವಿಮಾನ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ವಿಮಾನ ಬೀಳಿಸಿದೆವು ಎನ್ನಬೇಕಾದರೆ ಊರಿನ ಮರ್ಯಾದಸ್ಥರೊಬ್ಬರ ಸಾಕ್ಷಿ ಬೇಕು ಎಂಬುದು ಮೇಲಿನವರ ನಿಯಮ. ಪಾದ್ರಿಗಳಿಗೆ ಕಣ್ಣಿನ ಪೊರೆ. ಆಕಾಶದಲ್ಲಿ ಅವರಿಗೆ ದೇವರನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನ್ಯಾಯಾಧೀಶರು ಟರ್ಕಿ ಕೋಳಿಯ ವಿಷಯದಲ್ಲಿ ಮುನಿಸಿಕೊಂಡಿದ್ದರು. ಕೊನೆಗೆ, ಈ ಊರಲ್ಲಿ ಯಾರ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ ಎಂದು ಕ್ಯಾಪ್ಟನ್ನರು ವಿಚಾರಿಸಿದಾಗ ಎಲ್ಲರೂ ಒಂದೇ ಹೆಸರು ಹೇಳಿದರು.

ನಿಕಾನೋರಾ ಬುಟ್ಟಿ ಸಮೇತ ಹೋಗಿ ನಿಂತಳು. ಕ್ಯಾಪ್ಟನ್ನರು ಕೂತಿದ್ದರು, ಪಕ್ಕದಲ್ಲಿ ಗುಮಾಸ್ತ ಬರೆದುಕೊಳ್ಳುತ್ತಿದ್ದ.

"ವಿಮಾನ ನೋಡಿದ್ರಾ, ಞಾ ನಿಕಾನೋರಾ?"

"ನೋಡ್ದೆ, ಕರಾಯಿ." ಞಾ ಎಂದರೆ ನಮ್ಮಲ್ಲಿ ಅಮ್ಮ, ಕರಾಯಿ ಎಂದರೆ ಸಾಹೇಬರು.

"ಹೊಗೆ ಬರ್ತಿತ್ತಾ?"

"ಬರ್ತಿತ್ತು. ಬರುವಾಗ್ಲೂ ಬರ್ತಿತ್ತು, ಹೋಗುವಾಗ್ಲೂ ಬರ್ತಿತ್ತು."

"ಹೋಗುವಾಗ ಹೊಗೆ ಬರ್ತಿತ್ತು, ಬರಕೊ," ಎಂದರು ಕ್ಯಾಪ್ಟನ್ನರು ಗುಮಾಸ್ತನಿಗೆ. "ಆಮೇಲೆ?"

"ಕಾಡಿನ ಆಚೆ ಹೋಯ್ತು. ಆಮೇಲೆ ನಂಗೆ ಕಾಣಲಿಲ್ಲ."

"ಕಾಡಿನ ಆಚೆ ಹೋಗಿ, ಆಮೇಲೆ ಯಾರಿಗೂ ಕಾಣಲಿಲ್ಲ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ರಾಜಧಾನಿಯಲ್ಲಿ ಬೇಕಾದಷ್ಟಿದ್ದರು. ಮುಂದಿನ ಸ್ಟೀಮರಿನಲ್ಲಿ ಬಂದ ಪತ್ರಿಕೆಯನ್ನು ಶಾಲೆಯ ಮೇಷ್ಟ್ರು ಕಟ್ಟೆಯ ಮೇಲೆ ನಿಂತು ಓದಿದರು: ಶತ್ರುವಿನ ಒಂದು ವಿಮಾನ, ಸಿಬ್ಬಂದಿ ಸಹಿತ, ಪುಯೆರ್ತೊ ಇರುಪೆಯ ಕಾಡಿನಲ್ಲಿ ಭಸ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂದೂ ಪತ್ರಿಕೆಯಲ್ಲಿ ಬಾರದ ಊರು ನಮ್ಮದು. ಕಾಲರಾ ಬಂದಾಗಲೂ ಪಕ್ಕದ ಊರಿನ ಹೆಸರನ್ನೇ ಹಾಕಿದ್ದರು.

ವಾರ ಕಳೆಯುವುದರೊಳಗೆ ಸತ್ತ ವಿಮಾನ ಮತ್ತೆ ಬಂತು. ಎಡರೆಕ್ಕೆಯ ಮೇಲೆ ದೊಡ್ಡದೊಂದು ಬಿಳಿ ತೇಪೆ ಇತ್ತಾದ್ದರಿಂದ ಎಲ್ಲರಿಗೂ ಗುರುತು ಸಿಕ್ಕಿತು. ನಿಕಾನೋರಾ ದಿಬ್ಬ ಹತ್ತಿ ಹೋಗಿ, ನೀವು ಕೊಂದದ್ದು ಬಂದಿದೆ ಎಂದು ತಿಳಿಸಿದಳು. ಅದರ ಅಣ್ಣನೋ ತಮ್ಮನೋ ಇರಬೇಕು ಎಂದರು ಕ್ಯಾಪ್ಟನ್ನರು, ಮತ್ತೆ ಗುಂಡು ಹಾರಿಸಿದರು, ಮತ್ತೆ ಆಕೆಯನ್ನು ಕರೆಸಿದರು. ಈ ಸಲ ಕಾಡಿನ ಹೆಸರನ್ನೇ ಎತ್ತಬಾರದು ಎಂದುಕೊಂಡು ಹೋದವಳು ವಿಮಾನ ಬಹಳ ಕೆಳಗೆ ಹಾರುತ್ತಿತ್ತು ಎಂದುಬಿಟ್ಟಳು. ಅದು ನಿಜವೇ. ಕೆಳಗಿದ್ದದ್ದು ಕೊನೆಗೆ ಇನ್ನೂ ಕೆಳಗೆ ಹೋಗಿರಲೇಬೇಕು ಎಂದು ಗುಮಾಸ್ತ ಬರೆದುಕೊಂಡ. ಮೂರನೆಯ ಸಲ ವಿಮಾನದ ಸದ್ದು ಕೇಳಿದೊಡನೆ ತಲೆ ತಗ್ಗಿಸಿ ಬುಟ್ಟಿಯನ್ನೇ ನೋಡುತ್ತಾ ಕೂತಳು. ಏನೂ ಕಾಣಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದಳು. ಕಣ್ಣಿಗೆ ಕಾಣದಷ್ಟು ಪುಡಿಯಾಗಿ ಹೋಯಿತು ಎಂದು ಪತ್ರಿಕೆಯಲ್ಲಿ ಬಂತು.

ಜೂನಿನಲ್ಲಿ ಬರುವ ಸಂತ ಯೋಹಾನರ ಹಬ್ಬದ ಹೊತ್ತಿಗೆ ಬಿಳಿ ತೇಪೆಯ ವಿಮಾನ ಐದು ಸಲ ಬಿದ್ದಿತ್ತು. ಅದರಲ್ಲಿದ್ದವರು ಒಮ್ಮೊಮ್ಮೆ ಕೈ ಬೀಸಿ ಹೋಗುತ್ತಿದ್ದರು. ಆ ಕಡೆಯವರ ಹತ್ತಿರ ಇರುವ ವಿಮಾನಗಳೇ ಬೆರಳೆಣಿಕೆಯಷ್ಟು, ನದಿಯುದ್ದಕ್ಕೂ ನಮ್ಮವರು ಬೀಳಿಸಿದ್ದೆಲ್ಲ ಕೂಡಿಸಿದರೆ ಈಗ ಅವರು ಯಾರದೋ ಕಡ ತಂದು ಹಾರಿಸುತ್ತಿರಬೇಕು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಅವರನ್ನು ಯಾರೂ ಮಾತಾಡಿಸಲಿಲ್ಲ. ಊರಿಗೆ ಹೆಸರು ಬಂದಿತ್ತು. ಕ್ಷೌರಿಕ ತನ್ನ ಅಂಗಡಿಗೆ 'ಫಿರಂಗಿ' ಎಂದು ಹೆಸರಿಟ್ಟ; ಅವನ ಕತ್ತಿಗೆ ಗದ್ದ ಒಡ್ಡಿದ್ದವರು ಸರಿಯಾದ ಹೆಸರೇ ಎಂದರು. ನಿಕಾನೋರಾ ಒಬ್ಬಳೇ ಒಳಗೊಳಗೇ ಕುದಿಯುತ್ತಿದ್ದಳು. ನನ್ನ ಅತ್ತಿಗೆಯ ಹತ್ತಿರ ಒಂದು ದಿನ ಹೇಳಿಕೊಂಡಳಂತೆ, ನಾನು ಹೇಳೋ ಒಂದೊಂದು ಮಾತೂ ನಿಜ, ಎಲ್ಲಾ ಸೇರಿದರೆ ಸುಳ್ಳಾಗುತ್ತೆ, ಇದು ಯಾವ ಸೀಮೆ ಅಡುಗೆ ಅಂತ.

ನವೆಂಬರಿನಲ್ಲಿ ನದಿ ಇಳಿದು ಮರಳ ದಿಬ್ಬಗಳು ಎದ್ದವು. ಒಂದು ಬೆಳಗ್ಗೆ ಹೆಂಗಸರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು, ನನ್ನ ಅತ್ತಿಗೆಯೂ ಇದ್ದಳು. ನಿಕಾನೋರಾ ಬಿಸಿ ಚಿಪಾ ತಂದು ಕೂತಿದ್ದಳು. ಉತ್ತರದಿಂದ ಒಂದು ವಿಮಾನ ಕೆಮ್ಮುತ್ತಾ ಬಂತು. ಎಂಜಿನ್ನು ಕೆಟ್ಟಿತ್ತು, ಇಳಿಯಲು ಮರಳಿನ ಜಾಗ ಹುಡುಕುತ್ತಿತ್ತು. ಬಾಲದ ಮೇಲೆ ಕೆಂಪು, ಬಿಳಿ, ನೀಲಿ ಪಟ್ಟೆಗಳು. ನಮ್ಮದೇ ವಿಮಾನ. ಹೆಂಗಸರು ಎದ್ದು ನಿಂತು ಒದ್ದೆ ಬಟ್ಟೆಗಳನ್ನೇ ಬೀಸಿದರು. ಮುಂದೆ ಕೂತಿದ್ದವನು ಕೈ ಎತ್ತಿ ತಾನೂ ಬೀಸಿದ.

ಆಗ ದಿಬ್ಬದ ಮೇಲಿನ ಫಿರಂಗಿ ಗುಂಡು ಹಾರಿಸಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಅದರ ಗುರಿ ತಪ್ಪಲಿಲ್ಲ.

ಮೇಲೆ ಊರಿನಲ್ಲಿ ಜೈಕಾರ ಕೇಳಿಸಿತು. ಕೆಳಗೆ ದಡದಲ್ಲಿ ಬೀಸುತ್ತಿದ್ದ ಬಟ್ಟೆಗಳು ಕೆಳಗಿಳಿದವು. ವಿಮಾನ ಓರೆಯಾಗಿ ಬಂದು ನದಿಯ ನಡುವಿನ ಮರಳ ದಿಬ್ಬದ ಅಂಚಿಗೆ ಮೂತಿ ಕೊಟ್ಟು ಬಿತ್ತು. ನಿಕಾನೋರಾ ಬುಟ್ಟಿಯನ್ನು ನೆಲದ ಮೇಲೆ ಬಿಟ್ಟು ದೋಣಿಗೆ ಓಡಿದಳು, ಹಿಂದೆಯೇ ನಾಲ್ಕೈದು ಹೆಂಗಸರು. ಹಿಂದಿನ ಸೀಟಿನಲ್ಲಿದ್ದವನು ಸಾರ್ಜೆಂಟ್ ಲಿಬ್ರಾದೊ ಗಾಮಾರ್ರಾ. ಕಾಲು ಮುರಿದಿತ್ತು, ಜೀವ ಇತ್ತು. ಅವನನ್ನು ಎಳೆದು ಮರಳಿನ ಮೇಲೆ ಹಾಕಿದರು. ವಿಮಾನ ನಡೆಸುತ್ತಿದ್ದವನು ಲೆಫ್ಟಿನೆಂಟ್ ಅನ್ಸೆಲ್ಮೊ ಒಕಾರಿಸ್. ಎಂಜಿನ್ನು ಎದೆಯ ಮೇಲೆ ಕೂತಿತ್ತು. ಅವನನ್ನು ಬಿಡಿಸುವ ಹೊತ್ತಿಗೆ ಮುಗಿದಿತ್ತು. ನಿಕಾನೋರಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚರ್ಮದ ಟೋಪಿ ಬಿಚ್ಚಿದಳು. ಕೂದಲನ್ನು ನೀಟಾಗಿ ಬೈತಲೆ ತೆಗೆದು ಬಾಚಿದ್ದ, ಒಂದು ಎಳೆಯೂ ಕದಲಿರಲಿಲ್ಲ. ಲಂಗದ ಅಂಚಿನಿಂದ ಅವನ ಮುಖದ ಕೆಸರು ಒರೆಸಿದಳು.

ಕ್ಯಾಪ್ಟನ್ನರು ದಡಕ್ಕೆ ಬಂದರು. ಬೂಟು ನೆನೆಯುತ್ತದೆಂದು ನೀರಿಗಿಳಿಯಲಿಲ್ಲ, ಅಲ್ಲಿಂದಲೇ ಕೂಗಿ ಯಾರದು ಎಂದು ಕೇಳಿದರು.

"ನಮ್ಮದು," ಎಂದಳು ನಿಕಾನೋರಾ.

ಕ್ಯಾಪ್ಟನ್ನರು ದಿಬ್ಬದ ಕಡೆಗೊಮ್ಮೆ ತಿರುಗಿ ನೋಡಿದರು. "ಸರಿಯಾಗಿ ನೋಡಿ ಹೇಳಿ, ಞಾ ನಿಕಾನೋರಾ."

"ತೊಡೆ ಮೇಲೆ ಮಲಗಿದಾನೆ, ಕರಾಯಿ. ಇನ್ನೂ ಹೇಗೆ ನೋಡ್ಲಿ?"

ಗುಂಡು ಹಾರಿಸಿದ ಕಾರ್ಪೋರಲ್ ದಿಬ್ಬದ ಮೇಲೆ ಫಿರಂಗಿಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದ. ನನ್ನನ್ನು ಮುಂದಿನ ಸಾಲಿನ ಕಾಲಾಳು ಪಡೆಗೆ ಕಳಿಸಿ ಎಂದು ಅವತ್ತೇ ಕೇಳಿಕೊಂಡು ಹೊರಟುಹೋದ. ಆ ಇಡೀ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದವನು ಅವನೊಬ್ಬ, ಅದನ್ನೂ ತಾನೇ ಕೊಟ್ಟುಕೊಂಡ.

ಸಂಜೆಯೊಳಗೆ ರಾಜಧಾನಿಗೆ ತಂತಿ ಹೋಯಿತು: ನಮ್ಮ ವಿಮಾನ ಶತ್ರುವಿನ ಮೂರು ವಿಮಾನಗಳೊಡನೆ ಒಂಟಿಯಾಗಿ ಹೋರಾಡಿ ಬಿದ್ದಿದೆ, ಇರುಪೆಯ ಫಿರಂಗಿ ಆ ಮೂರನ್ನೂ ಓಡಿಸಿದೆ. ಪೈಲಟ್ ಸತ್ತಿದ್ದರಿಂದ ಒಬ್ಬ ಮೇಜರ್ ವಿಚಾರಣೆಗೆ ಬರಲೇಬೇಕಾಯಿತು.

ಅಷ್ಟರಲ್ಲಿ ಲಿಬ್ರಾದೊ ನಿಕಾನೋರಾಳ ಗುಡಿಸಿಲಿನಲ್ಲೇ ಇದ್ದ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ, ಸಾರು ಕುಡಿಸಿ, ದಿನಾ ಅವನಿಗೆ ನಿಜ ಹೇಳುವ ಪಾಠ ಮಾಡುತ್ತಿದ್ದಳು. ಮೇಜರ್ ಬಂದು ಹಾಸಿಗೆಯ ಪಕ್ಕ ಕೂತು, ಶತ್ರು ವಿಮಾನ ಮೂರು ಇದ್ದವಂತೆ ಎಂದು ಕೇಳಿದಾಗ ಲಿಬ್ರಾದೊ ತನ್ನ ಕಾಲನ್ನೇ ನೋಡುತ್ತಾ, ನೀವು ಹೇಳಿದರೆ ಮೂರೇ ಸಾಹೇಬರೇ ಎಂದ. ಮೇಜರ್ ಹೊರಗೆ ಹೋದ ಮೇಲೆ ನಿಕಾನೋರಾ ಹೇಡಿ ಎಂದು ಬೈದಳು.

"ಹೇಡಿನೇ, ಞಾ ನಿಕಾನೋರಾ," ಎಂದ ಅವನು. "ಕಾಲು ಸರಿ ಹೋದ್ರೆ ಮತ್ತೆ ಹಾರ್ಬೇಕಲ್ಲ. ಇಂಥ ಫಿರಂಗಿಗಳು ನದಿ ಉದ್ದಕ್ಕೂ ಇವೆ. ಅವರಿಗೆಲ್ಲ ನನ್ನ ಮೇಲೆ ಸಿಟ್ಟು ಬಂದ್ರೆ ಏನು ಗತಿ?"

ಆಕೆಗೆ ನಗು ಬಂತು, ತಡೆದುಕೊಂಡು ಇನ್ನಷ್ಟು ಬೈದಳು. ಆಮೇಲೆ ಸಾರು ಕೊಟ್ಟಳು.

ಅವಳ ಸರದಿ ನ್ಯಾಯಾಧೀಶರ ಮನೆಯ ಪಡಸಾಲೆಯಲ್ಲಿ ಬಂತು. ಮೇಜರ್ ಬಿಳಿ ಮೀಸೆಯ, ದಣಿದ ಮುಖದ ಮನುಷ್ಯ. ಅವಳಿಗೆ ಕುರ್ಚಿ ಹಾಕಿಸಿದರು, ತಣ್ಣೀರಿನಲ್ಲಿ ಸೊಪ್ಪು ನೆನೆಸಿ ಕುಡಿಯುವ ತೆರೆರೆಯ ಕೊಂಬಿನ ಲೋಟ ಮೊದಲು ಅವಳ ಕೈಗೇ ಕೊಡಿಸಿದರು. ಶತ್ರು ವಿಮಾನ ನೋಡಿದಿರಾ ಎಂದರು. ಇಲ್ಲ ಎಂದಳು. ಓಡಿಹೋಗಿದ್ದವು, ಅದಕ್ಕೇ ಕಂಡಿಲ್ಲ ಎಂದು ಕ್ಯಾಪ್ಟನ್ನರು ಬಾಯಿ ಹಾಕಿದರು. ಓಡಿಹೋಗಬೇಕಾದರೆ ಮೊದಲು ಬಂದಿರಬೇಕು ಎಂದಳು ಆಕೆ. ತಾನು ಕಂಡದ್ದನ್ನೆಲ್ಲ, ಬಾಲದ ಪಟ್ಟೆಯಿಂದ ಹಿಡಿದು ಬೂಟಿನವರೆಗೆ, ಬಿಡದೆ ಹೇಳಿದಳು. ಗುಮಾಸ್ತ ಬರೆದುಕೊಳ್ಳುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದ.

ಮೇಜರ್ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಆಮೇಲೆ ನಡೆದ ಮಾತನ್ನು ನಿಕಾನೋರಾ ಊರಿಗೆಲ್ಲ ಹೇಳಿದ್ದಾಳೆ, ಅವಳು ಹೇಳಿದ ಮೇಲೆ ಅದು ಹಾಗೆಯೇ ನಡೆದಿರಬೇಕು.

"ನೋಡಿ ಅಮ್ಮಾ, ಹಿಂದೆ ಐದು ಸಲ ನೀವು ಕಾಣಲಿಲ್ಲ ಅಂದಾಗ ವಿಮಾನ ಬಿದ್ದಿತ್ತು ಅಂತ ಒಪ್ಪಿದೀವಿ. ಈಗ ನೀವು ಕಾಣಲಿಲ್ಲ ಅಂದದ್ದು ಇರಲೇ ಇಲ್ಲ ಅಂತ ಒಪ್ಪಿದ್ರೆ, ಆ ಐದೂ ಎದ್ದು ಕೂರ್ತವೆ. ಒಬ್ಬ ಮಂತ್ರಿಗಳು ಅದರ ಮೇಲೆ ಭಾಷಣ ಮಾಡಿದಾರೆ."

"ಏಳಲಿ ಬಿಡಿ, ಕರಾಯಿ. ಅದರಲ್ಲಿರೋರು ಹೇಗೂ ಬದುಕೇ ಇದಾರೆ. ಏಳಕ್ಕಾಗದೇ ಇರೋನು ಇಲ್ಲಿ ಮಲಗಿದಾನೆ."

ಮೇಜರ್ ಎದ್ದು ಮುಚ್ಚಿದ ಬಾಗಿಲು ತೆರೆದರಂತೆ. ನೀವು ಹೇಳಿದ್ದು ನನಗೆ ಅರ್ಥವಾಯಿತು ಎಂದರಂತೆ. ಅರ್ಥವಾದವರು ಅದೇ ಸಂಜೆ ಸ್ಟೀಮರು ಹತ್ತಿದರು. ಸಾಕ್ಷಿಯು ದುಃಖದಿಂದ ಕಂಗೆಟ್ಟಿದ್ದು ಆಕೆಯ ಮಾತನ್ನು ಪರಿಗಣಿಸಲಾಗದು ಎಂದು ವಿಚಾರಣೆ ಮುಗಿಯಿತು. ಕ್ಯಾಪ್ಟನ್ನರಿಗೆ ಶೌರ್ಯಪದಕ ಘೋಷಣೆಯಾಯಿತು.

ಆಗ ನಿಕಾನೋರಾ ತನಗೆ ತಿಳಿದ ಒಂದೇ ದಾರಿ ಹಿಡಿದಳು. ಯಾರು ಚಿಪಾ ಕೇಳಿದರೂ ಬಟ್ಟೆ ಸರಿಸಿ, ಒಂದನ್ನು ಎತ್ತಿ ಕೈಗಿಡುತ್ತಾ, "ಆ ಹುಡುಗನ್ನ ಕೊಂದದ್ದು ನಮ್ಮ ಫಿರಂಗಿ. ಬಿಸಿ ಇದೆ, ಮೆಲ್ಲಗೆ ತಿನ್ನಿ" ಎನ್ನತೊಡಗಿದಳು. ಊರಿನವರಿಗೆ ಇರುಸುಮುರುಸು. ಬಂದ ಹೆಸರನ್ನು ಈ ಹೆಂಗಸು ನೀರುಪಾಲು ಮಾಡುತ್ತಿದ್ದಾಳೆ ಎಂದರು. ಆದರೆ ನದಿಯ ಮೇಲೆ ಅಂಥ ಚಿಪಾ ಬೇರೆ ಯಾರೂ ಮಾಡುತ್ತಿರಲಿಲ್ಲ. ಮುಖ ತಿರುಗಿಸಿಕೊಂಡೇ ಕೈ ಚಾಚುತ್ತಿದ್ದರು. ಕ್ಯಾಪ್ಟನ್ನರು ಆಕೆಯನ್ನು ಹಡಗುಕಟ್ಟೆಯಿಂದ ಓಡಿಸಿದರು. ಆಕೆ ದೋಣಿಯಲ್ಲಿ ಸ್ಟೀಮರಿನ ಪಕ್ಕಕ್ಕೇ ಹೋಗಿ ಮಾರಿದಳು. ಪತ್ರಿಕೆ ರಾಜಧಾನಿಯಿಂದ ನದಿಗುಂಟ ಮೇಲೆ ಬರುತ್ತಿತ್ತು, ಚಿಪಾ ಇಲ್ಲಿಂದ ನದಿಗುಂಟ ಕೆಳಗೆ ಹೋಗುತ್ತಿತ್ತು.

ತಿಂಗಳ ಮೇಲೆ ಪದಕ ಕೊಡುವ ಸಮಾರಂಭ ಗೊತ್ತಾಯಿತು. ಕಟ್ಟೆಯ ಮೆಟ್ಟಿಲ ಮೇಲುಗಡೆ ವಾದ್ಯದವರು, ಕ್ಯಾಪ್ಟನ್ನರು, ನ್ಯಾಯಾಧೀಶರು, ಹೂವಿನ ಕಮಾನು. ಸ್ಟೀಮರು ನಿಂತಿತು. ಸೂತಕದ ಕಪ್ಪು ಬಟ್ಟೆ ತೊಟ್ಟ ಒಬ್ಬ ಹೆಂಗಸು ಕಟಕಟೆಯ ಮೇಲಿಂದ ಬಾಗಿ ದೋಣಿಯಲ್ಲಿದ್ದ ನಿಕಾನೋರಾಳನ್ನು ಚಿಪಾ ಕೇಳಿದಳು. ರಾತ್ರಿಯಿಂದ ಏನೂ ತಿಂದಿಲ್ಲ ಎಂದಳು. ನಿಕಾನೋರಾ ಎಲ್ಲರಿಗೂ ಕೊಡುವ ಹಾಗೆ ಕೊಟ್ಟಳು, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು.

ಹೆಂಗಸು ಚಿಪಾ ಹಿಡಿದುಕೊಂಡೇ ಕೇಳಿದಳು: "ಯಾವ ಹುಡುಗ?"

ನಿಕಾನೋರಾ ಆಗ ಮುಖವೆತ್ತಿ ನೋಡಿದಳು. ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಕಲಿತಿದ್ದರೆ ಆ ಗಳಿಗೆಗೆ ಸಾಕಾಗುತ್ತಿತ್ತು. ಕಲಿತಿರಲಿಲ್ಲ.

"ಲೆಫ್ಟಿನೆಂಟ್ ಒಕಾರಿಸ್," ಎಂದಳು.

"ಅನ್ಸೆಲ್ಮೊ. ನನ್ನ ಮಗ."

ದೋಞಾ ಪೆರ್ಪೆತುವಾ ಒಕಾರಿಸ್ ಅಳಲಿಲ್ಲ. ಹಗ್ಗದ ಏಣಿ ಹಿಡಿದು ದೋಣಿಗೇ ಇಳಿದಳು, ಆ ವಯಸ್ಸಿನಲ್ಲಿ. ಅವನು ಬಿದ್ದ ಜಾಗ ತೋರಿಸು ಎಂದಳು. ಮೇಲೆ ವಾದ್ಯದವರು ನುಡಿಸುತ್ತಲೇ ಇದ್ದರು, ಇವರಿಬ್ಬರೂ ಹುಟ್ಟು ಹಾಕಿಕೊಂಡು ನದಿಯ ನಡುವಿಗೆ ಹೋದರು. ನಿಕಾನೋರಾ ಅಷ್ಟೂ ದೂರ ತಲೆಯೆತ್ತಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ, ಗೊತ್ತಿಲ್ಲದೆ ಅಂದೆ ಎಂದಳು.

"ನಂಗೆ ಆಗ್ಲೇ ಅನುಮಾನ ಇತ್ತು," ಎಂದಳು ಪೆರ್ಪೆತುವಾ. "ಮೂರು ಜನದ ಜೊತೆ ಒಬ್ಬನೇ ಜಗಳಕ್ಕೆ ನಿಂತ ಅಂತ ಬರೆದಿದ್ರು. ನನ್ನ ಮಗ ಒಬ್ಬನ ಜೊತೇನೂ ಜಗಳ ಆಡಿದವನಲ್ಲ."

ಮರಳಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬಾಚಿದ ಕೂದಲಿನ ವಿಷಯ ಬಂದಾಗ ಮಾತ್ರ ಮತ್ತೊಮ್ಮೆ ಹೇಳು ಎಂದಳು. ಮನೆಯಲ್ಲಿ ಒಂದು ದಿನವೂ ಬಾಚಿಕೊಂಡವನಲ್ಲ ಎಂದು ನಕ್ಕಳು, ಆಗ ಅತ್ತಳು. ನಿಕಾನೋರಾ ಏನೂ ಹೇಳದೆ ಪಕ್ಕದಲ್ಲಿ ಕೂತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಬರುತ್ತದೆ ಎಂದು ಊರಿಗೆ ಅವತ್ತೇ ಗೊತ್ತಾದದ್ದು.

ಸಮಾರಂಭ ತಡವಾಗಿ ನಡೆಯಿತು. ಸಮಾಧಿಯ ಮರದ ಶಿಲುಬೆಗೆ ಒಂದು ಹಲಗೆ ಹೊಡೆದಿದ್ದರು: ಮೂರು ಶತ್ರುಗಳನ್ನು ಒಂಟಿಯಾಗಿ ಎದುರಿಸಿ ಮಡಿದ ವೀರ. ಮಗನ ಪದಕ ತಾಯಿಗೆ, ಕ್ಯಾಪ್ಟನ್ನರ ಪದಕ ಕ್ಯಾಪ್ಟನ್ನರಿಗೆ. ತಾಯಿ ಎರಡು ಮಾತಾಡಬೇಕು ಎಂದು ನ್ಯಾಯಾಧೀಶರು ಕೇಳಿಕೊಂಡರು. ಆಕೆ ಎದ್ದು ನಿಂತು, "ದಡದಲ್ಲಿದ್ದ ಹೆಂಗಸರು ಬಟ್ಟೆ ಬೀಸಿದ್ರಂತೆ, ನನ್ನ ಮಗನೂ ಕೈ ಬೀಸಿದ್ನಂತೆ. ಅವರಿಗೆ ನನ್ನ ನಮಸ್ಕಾರ" ಎಂದು ಕೂತಳು. ಯಾರಿಗೂ ತಲೆಯೆತ್ತಲು ಆಗಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಕ್ಯಾಪ್ಟನ್ನರು.

ಒಂದು ಫಿರಂಗಿಯಿಂದ ಇಷ್ಟು ಸಾಧಿಸಿದವರಿಗೆ ನಾಲ್ಕು ಕೊಡಬೇಕೆಂದು ಅವರನ್ನು ಮೇಲಿನ ದೊಡ್ಡ ಬಂದರಿಗೆ ವರ್ಗ ಮಾಡಿದರು. ನಮ್ಮ ಪೈಲಟ್‌ಗಳು ಆ ಬಂದರು ಬಿಟ್ಟು ಸುತ್ತು ಹಾಕಿ ಹಾರುತ್ತಿದ್ದರು ಎಂದು ಲಿಬ್ರಾದೊ ಬರೆದಿದ್ದ. ಅವನ ಕಾಲು ಒಂದು ಬೆರಳಷ್ಟು ಗಿಡ್ಡವಾಗಿ ಕೂಡಿಕೊಂಡಿತು, ಸೈನ್ಯ ಅವನನ್ನು ಮತ್ತೆ ಹಾರಲು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಕೊನ್ಸೆಪ್ಸಿಯೋನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟ. ಅಲ್ಲಿ ಗಿರಾಕಿಗಳಿಗೆ ನಿಜವನ್ನೇ ಹೇಳುತ್ತಿದ್ದನಂತೆ, ಅವರು ಕುಂಟನ ತಮಾಷೆ ಎಂದು ನಗುತ್ತಿದ್ದರಂತೆ.

ನಿಕಾನೋರಾ ಮತ್ತೆ ಕಟ್ಟೆಯ ಮೇಲೆ ಮಾರತೊಡಗಿದಳು. ಈಗಲೂ ಆ ಮಾತು ಹೇಳುತ್ತಿದ್ದಳು, ಆದರೆ ಕಪ್ಪು ಬಟ್ಟೆಯವರು ಬಂದರೆ ಮೊದಲು ಯಾವ ಊರು, ಯಾರ ಮನೆಯವರು ಎಂದು ವಿಚಾರಿಸಿಕೊಳ್ಳುತ್ತಿದ್ದಳು.

ಪೆರ್ಪೆತುವಾ ಪ್ರತಿ ವರ್ಷ ನವೆಂಬರಿನಲ್ಲಿ ಬಂದು ಅವಳ ಗುಡಿಸಿಲಿನಲ್ಲೇ ಇಳಿದುಕೊಳ್ಳುತ್ತಿದ್ದಳು. ಸತ್ತವರ ಶಿಲುಬೆಗೆ ಕಸೂತಿ ಹಾಕಿದ ಬಟ್ಟೆ ಹೊದಿಸುವುದು ನಮ್ಮಲ್ಲಿ ಪದ್ಧತಿ. ಆಕೆ ತರುತ್ತಿದ್ದ ಬಟ್ಟೆ ವರ್ಷ ವರ್ಷಕ್ಕೆ ಅಗಲವಾಗುತ್ತಾ ಹೋಯಿತು, ಹಲಗೆಯನ್ನು ಪೂರ್ತಿ ಮುಚ್ಚುವಷ್ಟು. ತ್ಯಾಗವೀರನ ಬರಹ ಕಾಣುತ್ತಿಲ್ಲವಲ್ಲ ಎಂದು ಹೊಸ ನ್ಯಾಯಾಧೀಶರು ಒಮ್ಮೆ ತಕರಾರು ತೆಗೆದರು. ತಾಯಿ ಹೊದಿಸಿದ ಬಟ್ಟೆಯನ್ನು ಎಳೆಯುವ ಧೈರ್ಯ ಅವರಿಗೂ ಇರಲಿಲ್ಲ. ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಅವನ ಹೆಸರಷ್ಟೇ ಇರುತ್ತಿತ್ತು. ಅದನ್ನು ಹೊದಿಸಿ ಮುಗಿಸಿ ಇಬ್ಬರೂ ಮಾವಿನ ಮರದ ಕೆಳಗೆ ಕೂತು ತೆರೆರೆಯ ಕೊಂಬಿನ ಲೋಟವನ್ನು ಒಬ್ಬರಿಗೊಬ್ಬರು ಕೊಡುತ್ತಾ, ಚಿಪಾಗೆ ಸೋಂಪು ಎಷ್ಟು ಹಾಕಬೇಕು ಎಂದು ಸ್ಟೀಮರು ಬರುವವರೆಗೂ ಜಗಳವಾಡುತ್ತಿದ್ದರು.